ಪದ ಪರಿಚಯ: ದರೋಡೆ

ಬೀಗ ಹಾಕಿದ್ದ ಮನೆಯ ಹಿಂಬಾಗಿಲನ್ನು ಮೀಟಿ ಯಾರೋ ಬೀರುವಿನಲ್ಲಿದ್ದ ಒಡವೆಗಳನ್ನು ಹೊತ್ತೊಯ್ದರೆ, ಮರುದಿನದ ಪತ್ರಿಕೆಯಲ್ಲಿ ಅದು ‘ಮನೆ ದರೋಡೆ’ ಆಗಿಬಿಡುತ್ತದೆ. ಆಡುಮಾತಿನಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅಲ್ಲಿ ದರೋಡೆ ನಡೆದೇ ಇಲ್ಲ, ನಡೆದದ್ದು ಕನ್ನಗಳವು. ಆರೋಪಿಯ ಮೇಲೆ ಯಾವ ಕಲಂ ಬೀಳುತ್ತದೆ, ವಿಚಾರಣೆ ಯಾವ ನ್ಯಾಯಾಲಯದಲ್ಲಿ ನಡೆಯುತ್ತದೆ, ಅವನು ಎಷ್ಟು ವರ್ಷ ಸೆರೆಮನೆ ಕಾಣಬೇಕಾದೀತು ಎಂಬುದೆಲ್ಲ ಈ ಪದಗಳ ಮೇಲೆಯೇ ನಿಂತಿರುವುದರಿಂದ, ಅವುಗಳನ್ನು ಬಿಡಿಸಿ ನೋಡುವುದು ಅಗತ್ಯ.

ಎಲ್ಲಕ್ಕೂ ತಳಹದಿ ಕಳವು. 1860ರ ಭಾರತೀಯ ದಂಡ ಸಂಹಿತೆಯ 378ನೇ ಕಲಮಿನಲ್ಲಿದ್ದ ಇದರ ವ್ಯಾಖ್ಯೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿಗೆ ಬಂದಿದೆ. ಇನ್ನೊಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು, ಅವರ ಸಮ್ಮತಿಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಇದ್ದ ಜಾಗದಿಂದ ಕದಲಿಸಿದರೆ ಸಾಕು, ಕಳವು ಪೂರ್ಣವಾಯಿತು. ವಸ್ತುವನ್ನು ಶಾಶ್ವತವಾಗಿ ಲಪಟಾಯಿಸಬೇಕೆಂದೇನೂ ಇಲ್ಲ. ರಾಜಸ್ಥಾನದ ಅಲ್ವರ್‌ನ ಸರ್ಕಾರಿ ಕಚೇರಿಯೊಂದರ ನೌಕರ ಕಡತವೊಂದನ್ನು ಮನೆಗೆ ಒಯ್ದು ಸ್ನೇಹಿತನ ಕೈಗೆ ಕೊಟ್ಟು, ಮರುದಿನ ಮರಳಿ ತಂದಿಟ್ಟಿದ್ದ. ಕಡತ ಕಚೇರಿಗೆ ಬಂದು ಸೇರಿದ್ದರೂ ಅದು ಕಳವೇ ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ದಾರಿಯಲ್ಲಿ ಬಿದ್ದಿದ್ದು ಯಾರ ಸ್ವಾಧೀನದಲ್ಲೂ ಇಲ್ಲದ ಉಂಗುರವನ್ನು ಎತ್ತಿಕೊಂಡವನು ಕಳ್ಳನಲ್ಲ; ಅವನ ಮೇಲೆ ಬರಬಹುದಾದದ್ದು ಸ್ವತ್ತಿನ ದುರ್ವಿನಿಯೋಗ ಎಂಬ ಬೇರೆಯೇ ಆರೋಪ.

ಕನ್ನ ಎಂದರೆ ಗೋಡೆ ಕೊರೆದು ಮಾಡಿದ ಕಂಡಿ. ಮನೆ ಒಡೆದು ನುಗ್ಗುವ ಅಪರಾಧಕ್ಕೆ ದಂಡ ಸಂಹಿತೆ ಕೊಟ್ಟಿದ್ದ ಮೊದಲ ಉದಾಹರಣೆಯೂ ಗೋಡೆಯಲ್ಲಿ ತೂತು ಮಾಡಿ ಕೈ ತೂರಿಸುವವನದ್ದೇ. ನಮ್ಮ ಹಳೆಯ ಪದ ಎಷ್ಟು ಸರಿಯಾಗಿ ಒಪ್ಪುತ್ತದೆ ನೋಡಿ. ಕಿಟಕಿಯಿಂದ ಇಳಿದವನು, ಬಾಗಿಲ ಸಂದಿಯಲ್ಲಿ ತಂತಿ ತೂರಿಸಿ ಅಗುಳಿ ಎತ್ತಿದವನು, ಮನೆಯವರು ಕಳೆದುಕೊಂಡ ಬೀಗದ ಕೈಯಿಂದಲೇ ಬಾಗಿಲು ತೆರೆದವನು ಕೂಡ ಈ ಗುಂಪಿಗೆ ಸೇರುತ್ತಾರೆ. ಕಳವಿಗಾಗಿ ಹೀಗೆ ನುಗ್ಗಿದ್ದು ಹಗಲಾದರೆ ಶಿಕ್ಷೆ 10 ವರ್ಷದವರೆಗೆ, ರಾತ್ರಿಯಾದರೆ 14 ವರ್ಷದವರೆಗೆ ಹೋಗಬಹುದು. ಆದ್ದರಿಂದ ಕನ್ನಗಳವು ಹಗುರವಾದ ಅಪರಾಧವೇನಲ್ಲ. ಅದರಲ್ಲಿ ಮನುಷ್ಯನ ಮೇಲೆ ಕೈ ಮಾಡುವ ಅಂಶ ಇರಬೇಕಾಗಿಲ್ಲ, ಅಷ್ಟೆ.

ಆ ಅಂಶ ಸೇರಿದಾಗ ಕಳವು ಸುಲಿಗೆಯಾಗುತ್ತದೆ. ಠಾಣೆಗಳಲ್ಲಿ ರಾಬರಿ ಎನ್ನುವುದೂ ಇದನ್ನೇ. ಕದಿಯುವ ಸಲುವಾಗಿ, ಕದಿಯುವಾಗ, ಅಥವಾ ಕದ್ದದ್ದನ್ನು ಸಾಗಿಸುವಾಗ, ಅದೇ ಉದ್ದೇಶಕ್ಕಾಗಿ ಯಾರನ್ನಾದರೂ ಕೊಂದರೆ, ಗಾಯಗೊಳಿಸಿದರೆ, ಅಕ್ರಮವಾಗಿ ತಡೆದರೆ ಅಥವಾ ಅಂಥ ತಕ್ಷಣದ ಭಯ ಹುಟ್ಟಿಸಿದರೆ ಅದು ಸುಲಿಗೆ. ‘ಅದೇ ಉದ್ದೇಶಕ್ಕಾಗಿ’ ಎಂಬ ಮಾತಿನ ಮೇಲೆ ಎಷ್ಟೋ ಮೊಕದ್ದಮೆಗಳು ನಿಲ್ಲುತ್ತವೆ, ಬೀಳುತ್ತವೆ. ಸಂತೆಯಲ್ಲಿ ಪರ್ಸ್ ಎಗರಿಸಿದವನು ಅದನ್ನು ಹಿಡಿದುಕೊಂಡೇ ಅಡ್ಡ ಬಂದವರನ್ನು ಹೊಡೆದು ಓಡಿದರೆ ಸುಲಿಗೆ. ಪರ್ಸನ್ನು ಅಲ್ಲೇ ಬಿಸಾಡಿ, ತಪ್ಪಿಸಿಕೊಂಡರೆ ಸಾಕೆಂದು ಹೊಡೆದಿದ್ದರೆ ಕಳವು ಮತ್ತು ಹಲ್ಲೆ ಎಂಬ ಎರಡು ಬೇರೆ ಅಪರಾಧಗಳಾಗುತ್ತವೆಯೇ ಹೊರತು ಸುಲಿಗೆಯಲ್ಲ. ಸುಲಿಗೆಗೆ 10 ವರ್ಷದವರೆಗೆ ಕಠಿಣ ಶಿಕ್ಷೆಯಿದ್ದು, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಹೆದ್ದಾರಿಯಲ್ಲಿ ನಡೆದರೆ ಅದು 14 ವರ್ಷಕ್ಕೇರಬಹುದು.

ಇನ್ನು ದರೋಡೆ. ಕನ್ನಡದಲ್ಲಿ ಈ ಪದ ಸುಲಿಗೆಗೂ ಡಕಾಯಿತಿಗೂ ಬಳಕೆಯಾಗುತ್ತಿದ್ದು, ಗೊಂದಲದ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ. ಎರಡನ್ನೂ ಬೇರ್ಪಡಿಸುವುದು ಒಂದು ಸಂಖ್ಯೆ: ಐದು. ಐದು ಅಥವಾ ಹೆಚ್ಚು ಜನ ಕೂಡಿ ಮಾಡಿದ ಅಥವಾ ಮಾಡಲೆತ್ನಿಸಿದ ಸುಲಿಗೆಯೇ ಡಕಾಯಿತಿ. ಸ್ಥಳದಲ್ಲಿದ್ದು ನೆರವಾದವನೂ, ಉದಾಹರಣೆಗೆ ಗೇಟಿನ ಬಳಿ ಕಾವಲು ನಿಂತವನೂ, ಆ ಲೆಕ್ಕಕ್ಕೆ ಸೇರುತ್ತಾನೆ. ನ್ಯಾಯ ಸಂಹಿತೆಯ 310ನೇ ಕಲಮಿನಡಿ ಇದಕ್ಕೆ ಜೀವಾವಧಿಯವರೆಗೆ ಶಿಕ್ಷೆಯಿದೆ, ವಿಚಾರಣೆ ನಡೆಯುವುದು ಸೆಷನ್ಸ್ ನ್ಯಾಯಾಲಯದಲ್ಲಿ. ಆರೋಪಿಗಳ ಪರ ವಕೀಲರು ಮೊದಲು ಎಣಿಸುವುದೂ ತಲೆಗಳನ್ನೇ. ಇಂಥವರೇ ಐವರು ಎಂದು ಆರೋಪ ಹೊರಿಸಿ, ಅವರಲ್ಲಿ ಇಬ್ಬರು ಖುಲಾಸೆಯಾದರೆ, ಗುರುತು ಸಿಗದ ಬೇರೆಯವರೂ ಇದ್ದರೆಂದು ಸಾಬೀತಾಗದ ಹೊರತು ಉಳಿದ ಮೂವರನ್ನು ಡಕಾಯಿತಿಗೆ ಶಿಕ್ಷಿಸಲಾಗದು.

ಇಂಥ ಪ್ರಕರಣಗಳಲ್ಲಿ ಆರೋಪಿಯ ‘ಸ್ವಇಚ್ಛಾ ಹೇಳಿಕೆ’ಯ ಸುದ್ದಿಯನ್ನು ಓದಿದವರು ತಪ್ಪೊಪ್ಪಿಗೆ ಆಗಿಹೋಯಿತೆಂದು ತಿಳಿಯುತ್ತಾರೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ‘ಒಡವೆಗಳನ್ನು ನಾನೇ ಕದ್ದೆ, ಬಾವಿಯ ಪಕ್ಕದ ತೆಂಗಿನ ಬುಡದಲ್ಲಿ ಹೂತಿಟ್ಟಿದ್ದೇನೆ, ತೋರಿಸುತ್ತೇನೆ’ ಎಂದು ಬಂಧನದಲ್ಲಿರುವವನು ಹೇಳಿ, ಒಡವೆಗಳು ಅಲ್ಲಿ ಸಿಕ್ಕರೆ, ಹೂತಿಟ್ಟ ಜಾಗದ ಮಾತಷ್ಟೇ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ‘ನಾನೇ ಕದ್ದೆ’ ಎಂಬ ಭಾಗವನ್ನು ಕೈಬಿಡಬೇಕು. ಆ ಜಪ್ತಿಯೂ ಪಂಚರ, ಅಂದರೆ ಸಾಕ್ಷಿಗಳಾಗಿ ಕರೆಸಿಕೊಂಡವರ, ಎದುರು ನಡೆಯಿತೇ, ಜಪ್ತಿಯ ವಿವರ ಬರೆದ ಮಹಜರಿಗೆ ಅವರು ಸಹಿ ಹಾಕಿದ್ದು ಸ್ಥಳದಲ್ಲೋ ಠಾಣೆಯಲ್ಲೋ ಎಂಬುದೆಲ್ಲ ಪಾಟೀ ಸವಾಲಿನಲ್ಲಿ, ಅಂದರೆ ಆರೋಪಿಯ ಪರ ವಕೀಲರು ಸಾಕ್ಷಿಗಳನ್ನು ಪ್ರಶ್ನಿಸುವಾಗ, ಹೊರಬರುತ್ತದೆ. ಇದನ್ನು ಕಳ್ಳನನ್ನು ಬಿಡಿಸುವ ಜಾಣತನವೆಂದು ಹಳಿಯುವವರಿದ್ದಾರೆ. ಮಾಡದ ಕೃತ್ಯಕ್ಕೆ ಹೆಸರು ಸೇರಿಕೊಂಡವನಿಗೆ ಉಳಿದಿರುವ ಆಸರೆಯೂ ಇದೇ ಎಂಬುದನ್ನು ಅವರು ಮರೆಯಬಾರದು.

‘ದರೋಡೆಗೆ ಹೊಂಚು: ಐವರ ಬಂಧನ’ ಎಂಬಂಥ ಸುದ್ದಿಗಳೂ ನಮಗೆ ಪರಿಚಿತ. ಮಚ್ಚು, ಹಗ್ಗ, ಖಾರದ ಪುಡಿಯ ಪೊಟ್ಟಣ ಮೇಜಿನ ಮೇಲೆ, ಹಿಂದೆ ಮುಸುಕು ಹಾಕಿದ ಮುಖಗಳು. ಡಕಾಯಿತಿಯಲ್ಲಿ ಕೃತ್ಯ ನಡೆಯಬೇಕಿಲ್ಲ. ಅದಕ್ಕೆ ಸಿದ್ಧತೆ ನಡೆಸುವುದೂ ಅಪರಾಧ, ಅದಕ್ಕಾಗಿ ಸೇರುವುದೂ ಅಪರಾಧ. ಆದರೆ ಸೇರಿದ್ದು ‘ಅದಕ್ಕಾಗಿ’ಯೇ ಎಂಬುದನ್ನು ಪ್ರಾಸಿಕ್ಯೂಷನ್ ತೋರಿಸಿಕೊಡಬೇಕು. ಬಿಹಾರದಲ್ಲಿ ರಾತ್ರಿ ಒಂದು ಗಂಟೆಗೆ ಶಾಲೆಯ ಬಳಿ ಬಂದೂಕುಗಳೊಂದಿಗೆ ಸಿಕ್ಕಿಬಿದ್ದಿದ್ದವರ ಮೊಕದ್ದಮೆಯಲ್ಲಿ, 1979ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಈ ಆರೋಪಗಳಿಂದ ಬಿಡುಗಡೆ ಮಾಡಿತು. ಅವರು ಕೊಲೆಗೋ ಬೇರೊಂದು ಅಪರಾಧಕ್ಕೋ ಸೇರಿದ್ದಿರಬಹುದು, ಆ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ನ್ಯಾಯಾಲಯ ಕೊಟ್ಟ ಕಾರಣವಾಗಿತ್ತು.