ಗೌರಿ ಹೂವನ್ನು ಗೆಡ್ಡೆ ಸಮೇತ ಕೀಳಬೇಡಿ

ಗೌರಿ ಹಬ್ಬ ಹತ್ತಿರ ಬಂತೆಂದರೆ ಕಲಬುರಗಿಯ ನಮ್ಮ ನರ್ಸರಿಗೆ ಕ್ಯಾರಿಬ್ಯಾಗ್ ಹಿಡಿದವರು ಬರುತ್ತಾರೆ. ಒಳಗೆ ಬಾಡಿದ ಬಳ್ಳಿ, ಕೆಂಪು-ಹಳದಿ ಹೂ, ಮಣ್ಣು ಮೆತ್ತಿದ ಗೆಡ್ಡೆ. ಅಗ್ನಿಶಿಖೆ, ಅಂದರೆ ಗೌರಿ ಹೂ. "ಸರ್, ಇದು ಉಳಿತದಲ್ರಿ?" ಬಹಳಷ್ಟು ಸಲ ಉಳಿಯುವುದಿಲ್ಲ.

ಹೂ ಬಿಟ್ಟಿದೆ ಅಂದರೆ ಗೆಡ್ಡೆ ಬಲಿತಿದೆ ಎಂದುಕೊಳ್ಳುತ್ತಾರೆ. ತಪ್ಪುವುದು ಅಲ್ಲೇ. ಮಳೆ ಬಿದ್ದಾಗ ಹಳೇ ಗೆಡ್ಡೆ ತನ್ನಲ್ಲಿರುವುದನ್ನೆಲ್ಲ ಬಳ್ಳಿಗೆ ಸುರಿಯುತ್ತದೆ. ಹೂವಿನ ಹೊತ್ತಿಗೆ ಅದು ಸುಕ್ಕುಗಟ್ಟಿರುತ್ತದೆ. ಮುಂದಿನ ವರ್ಷದ ಹೊಸ ಗೆಡ್ಡೆ ಇನ್ನೂ ತುಂಬುತ್ತಿರುತ್ತದೆ. ಎಲೆ ಹಳದಿಯಾಗಿ ಒಣಗುವ ತನಕ ಅದಕ್ಕೆ ಊಟ ಎಲೆಯಿಂದಲೇ. ಈಗ ಕಿತ್ತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಎಷ್ಟು ಸಲ ಹೇಳಿದರೂ ಮರುವರ್ಷ ಮತ್ತೆ ಕಿತ್ತು ತರುತ್ತಾರೆ, ಹೊಟ್ಟೆ ಉರಿಯುತ್ತದೆ.

ನಮ್ಮ ಸುಣ್ಣಕಲ್ಲಿನ ನೆಲದಲ್ಲಿ ಇನ್ನೊಂದು ತೊಂದರೆ. ಶಹಾಬಾದ್ ಕಲ್ಲು ಪದರ ಪದರವಾಗಿರುತ್ತದಲ್ವಾ, ಗೆಡ್ಡೆ ಆ ಸಂದಿಗೆ ಸಿಕ್ಕಿಕೊಂಡಿರುತ್ತದೆ. ಜಗ್ಗಿದರೆ ತುದಿ ಮುರಿಯುತ್ತದೆ. ಮೊಳಕೆ ಬರುವ ಕಣ್ಣು ಇರುವುದೇ ತುದಿಯಲ್ಲಿ. ತುದಿ ಮುರಿದ ಗೆಡ್ಡೆಯ ಕವಲು ಆಲೂಗಡ್ಡೆಯಂತೆ ಬೇರೆ ಕಡೆಯಿಂದ ಚಿಗುರುವುದಿಲ್ಲ.

ಸೇಡಂ ಕಡೆಯ ಮೇಷ್ಟ್ರೊಬ್ಬರು ಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿ ತಂದಿದ್ದರು. ಕಲ್ಲಿನ ಮೇಲೆ ಬೆಳೆಯುತ್ತದಲ್ಲ ಅಂತ ಕುಂಡದ ಎರೆಮಣ್ಣಿಗೆ ಒಂದು ಹಿಡಿ ಸುಣ್ಣವನ್ನೂ ಬೆರೆಸಿಟ್ಟಿದ್ದರಂತೆ. ಪಾಪ, ಅವರ ಪ್ರೀತಿ ನಿಜ. ಆದರೆ ಗೆಡ್ಡೆಗೆ ಬೇಕಿದ್ದದ್ದು ಸುಣ್ಣವಲ್ಲ, ನೀರು ನಿಲ್ಲದ ಜಾಗ. ಎರೆಮಣ್ಣಿಗೆ ದಿನಾ ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಆ ಟಿಫಿನ್ ಡಬ್ಬಿಯಲ್ಲಿ ಮಕ್ಕಳಿಗೆ ಊಟ ಹಾಕಬೇಡಿ ಅಂತಲೂ ಹೇಳಿದೆ. ಈ ಗಿಡದ ತುಂಬ ಕೊಲ್ಚಿಸಿನ್ ಎಂಬ ವಿಷ, ಗೆಡ್ಡೆಯಲ್ಲಂತೂ ಜಾಸ್ತಿ. ಗೆಣಸೆಂದು ತಿಂದು ಸತ್ತವರಿದ್ದಾರೆ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಅಷ್ಟು ಆಸೆಯಿದ್ದರೆ ಬೀಜದಿಂದ ಬೆಳೆಸಿದ ಗಿಡವನ್ನೇ ನರ್ಸರಿಯಲ್ಲಿ ಕೇಳಿ. ಬೀಜ ನಿಧಾನ. ಮೊಳೆಯಲು ಸತಾಯಿಸುತ್ತದೆ, ಹೂ ಬಿಡಲು ಸಾಮಾನ್ಯವಾಗಿ 3-4 ವರ್ಷ ಬೇಕು. ಚಿಂಚೋಳಿ ವನ್ಯಜೀವಿ ಧಾಮದೊಳಗೆ ಮಾತ್ರ ಬೀಜಕ್ಕೂ ಕೈ ಹಾಕಬೇಡಿ, ಕಾನೂನು ಬಿಡುವುದಿಲ್ಲ.

ಮೇಷ್ಟ್ರು ಈಗ ಗೆಡ್ಡೆ ಕೀಳುವುದಿಲ್ಲ. ಮಕ್ಕಳನ್ನು ಗುಡ್ಡಕ್ಕೇ ಕರೆದೊಯ್ದು, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಹುಲ್ಲುಕಡ್ಡಿಯನ್ನು ಹಿಡಿದುಕೊಳ್ಳುವುದನ್ನು ತೋರಿಸುತ್ತಾರೆ.