ಕಾಸರಗೋಡಿನ ಸೆಕೆಯಲ್ಲಿ ಕಂಪ್ಯೂಟರಿಗೆ ನೀರು ಹಾಯಿಸುವಾಗ

ಏಪ್ರಿಲ್ ಮಧ್ಯಾಹ್ನ, ಕುಂಬಳೆ ಕಡೆಯ ಹಂಚಿನ ಮನೆಯ ಮಾಳಿಗೆಯಲ್ಲಿ ಗಾಳಿಯ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್ ಇದ್ದರೆ, ಅಲ್ಲಿಟ್ಟ ಕಂಪ್ಯೂಟರಿನ ಪೈಪಿನೊಳಗಿನ ನೀರು ಏನು ಮಾಡಿದರೂ 34ಕ್ಕಿಂತ ಕೆಳಗೆ ಇಳಿಯದು. ಚಿಪ್ಪಿನ ಮೇಲೆ ಕೂತ ಲೋಹದ ಬ್ಲಾಕಿನಲ್ಲಿ ಬಿಸಿಯಾದ ನೀರನ್ನು ಪಂಪ್ ರೇಡಿಯೇಟರಿಗೆ ತಳ್ಳಿ ಮತ್ತೆ ಬ್ಲಾಕಿಗೆ ತರುತ್ತದೆ, ಈ ಸುತ್ತಿಗೇ ಲೂಪ್ ಎನ್ನುವುದು. ರೇಡಿಯೇಟರ್ ಫ್ರಿಜ್ ಅಲ್ಲ, ಚಿಪ್ಪಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ ಅಷ್ಟೆ. ಚಳಿನಾಡಿನವರು 22 ಡಿಗ್ರಿಯ ಕೋಣೆಯಲ್ಲಿ ಮಾಡಿ ತೋರಿಸುವ ಅಂಕಿಗಳಿಗೆಲ್ಲ ಇಲ್ಲಿ ಹತ್ತು ಹನ್ನೆರಡು ಡಿಗ್ರಿ ಸೇರಿಸಿಕೊಂಡೇ ಓದಬೇಕು. ಹಾಗಾಗಿ ಲೂಪಿನ ಲೆಕ್ಕವನ್ನು ಪ್ರೊಸೆಸರಿನಿಂದಲ್ಲ, ಕೋಣೆಯಿಂದ ಶುರುಮಾಡಿ.

ಪ್ರೊಸೆಸರ್ 150 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 300 ವ್ಯಾಟ್, ಒಟ್ಟು 450 ಎಂದಿಟ್ಟುಕೊಳ್ಳಿ. ರೇಡಿಯೇಟರಿನ ಒಂದು 120 ಮಿಲಿಮೀಟರ್ ಫ್ಯಾನಿನಷ್ಟು ಭಾಗ, ಫ್ಯಾನ್ ಮಧ್ಯಮ ವೇಗದಲ್ಲಿದ್ದು ನೀರು ಗಾಳಿಗಿಂತ 10 ಡಿಗ್ರಿ ಬಿಸಿಯಾಗಿದ್ದಾಗ, ಸುಮಾರು 100 ವ್ಯಾಟ್ ಹೊರಹಾಕುತ್ತದೆ ಎಂಬುದು ಒರಟು ಲೆಕ್ಕ. 450 ವ್ಯಾಟಿಗೆ ಐದು ಭಾಗ ಬೇಕು: ಮೂರು ಫ್ಯಾನಿನ ಒಂದು 360, ಎರಡು ಫ್ಯಾನಿನ ಒಂದು 240. ಆಗ ನೀರು 43 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಖರ್ಚು ಉಳಿಸಲು ಒಂದೇ 360 ಹಾಕಿದರೆ ಗಾಳಿಗೂ ನೀರಿಗೂ ಅಂತರ 15 ಡಿಗ್ರಿಗೆ ಏರಿ, ನೀರು 49 ಮುಟ್ಟುತ್ತದೆ. ಹೆಚ್ಚು ಬಳಕೆಯಲ್ಲಿರುವ ಡಿ5 ಎಂಬ ಮಾದರಿಯ ಪಂಪಿಗೆ ನೀರಿನ ಮಿತಿ 60 ಡಿಗ್ರಿ. ಕೆಟ್ಟುಹೋಗುವುದಿಲ್ಲ, ಆದರೆ ಫ್ಯಾನ್ ಕಿರುಚುತ್ತದೆ. ಸದ್ದು ಬೇಡವೆಂದೇ ತಾನೆ ಇಷ್ಟೆಲ್ಲ ದುಡ್ಡು ಸುರಿಯುವುದು? ಸಾಧ್ಯವಾದರೆ ಎರಡೂ ರೇಡಿಯೇಟರುಗಳು ಪೆಟ್ಟಿಗೆಯ ಹೊರಗಿನ ಗಾಳಿಯನ್ನು ಒಳಗೆಳೆಯಲಿ. ಒಂದು ಒಳಗೆಳೆದು ಇನ್ನೊಂದು ಹೊರದೂಡಿದರೆ ಎರಡನೆಯದಕ್ಕೆ ಸಿಗುವುದು ಆಗಲೇ ಬಿಸಿಯಾದ ಗಾಳಿ.

ಪಂಪಿನ ವಿಷಯ ಅಡಿಕೆ ತೋಟದವರಿಗೆ ಬೇಗ ಅರ್ಥವಾಗುತ್ತದೆ, ಒಂದು ವ್ಯತ್ಯಾಸ ಬಿಟ್ಟು. ತೋಟದ ಪಂಪ್ ಕೆರೆಯಿಂದ ಗುಡ್ಡದ ಟ್ಯಾಂಕಿಗೆ ನೀರೆತ್ತಬೇಕು. ಎತ್ತರವೇ ಅದರ ಶತ್ರು. ಕಂಪ್ಯೂಟರಿನ ಲೂಪ್ ಮುಚ್ಚಿದ ಸುತ್ತು. ಮೇಲೇರುವ ನೀರಿನ ಭಾರವನ್ನು ಇಳಿಯುವ ನೀರು ಸರಿದೂಗಿಸುವುದರಿಂದ ಪಂಪಿಗೆ ಉಳಿಯುವುದು ಬ್ಲಾಕು, ಮೊಣಕೈ ಫಿಟ್ಟಿಂಗುಗಳ ಘರ್ಷಣೆ ಮಾತ್ರ. ಎತ್ತರ ಕಾಡುವುದು ಮೊದಲ ಸಲ ತುಂಬುವಾಗ. ಆದ್ದರಿಂದ ರಿಸರ್ವಾಯರ್, ಅಂದರೆ ಲೂಪಿನ ಪುಟ್ಟ ಟ್ಯಾಂಕ್, ಪಂಪಿಗಿಂತ ಮೇಲಿರಲಿ, ಪಂಪಿಗೆ ನೀರು ತಾನಾಗಿ ಇಳಿಯಲಿ. ಒಣಗಿದ ಪಂಪನ್ನು ಕೆಲವು ಕ್ಷಣವೂ ಓಡಿಸಬೇಡಿ, ಅದರ ಬೇರಿಂಗಿಗೆ ನೀರೇ ಎಣ್ಣೆ.

ಉಳಿದ ಭಾಗಗಳ ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಿಮಿಷಕ್ಕೆ ಒಂದು ಲೀಟರ್ ಹರಿವಿನಲ್ಲಿ 450 ವ್ಯಾಟ್ ಶಾಖ ನೀರನ್ನು ಸುಮಾರು 6.4 ಡಿಗ್ರಿ ಏರಿಸುತ್ತದೆ. ನಾಲ್ಕು ಲೀಟರಿನಲ್ಲಿ ಬರೀ 1.6. ಹರಿವು ಚೆನ್ನಾಗಿದ್ದರೆ ಲೂಪಿನ ಎಲ್ಲ ಕಡೆಯೂ ನೀರು ಹೆಚ್ಚುಕಡಿಮೆ ಒಂದೇ ಬಿಸಿ. ಪೈಪ್ ಎಲ್ಲಿ ಹತ್ತಿರವೋ ಅಲ್ಲಿಗೆ ಜೋಡಿಸಿ.

ಈಗ ನೀರು. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿದವರಿಗೆ ಅದಕ್ಕಿಂತ ಶುದ್ಧವಾದದ್ದು ಇದೆ ಎಂದರೆ ನಂಬಿಕೆ ಬಾರದು. ಆದರೆ ಮುರಕಲ್ಲಿನಲ್ಲಿ ಇಳಿದು ಬಂದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಕೆಲವೆಡೆ ಕಬ್ಬಿಣವೂ ಇರುತ್ತದೆ. ಪ್ರೊಸೆಸರ್ ಬ್ಲಾಕಿನೊಳಗಿನ ತಾಮ್ರದ ಸೀಳುಗಳು ಒಂದು ಮಿಲಿಮೀಟರಿನ ಕೆಲವೇ ಹತ್ತನೇ ಭಾಗದಷ್ಟು ಅಗಲ. ಸ್ಪ್ರಿಂಕ್ಲರ್ ಜೆಟ್ ಕಟ್ಟಿಕೊಂಡಂತೆ ಅವೂ ಕಟ್ಟಿಕೊಳ್ಳುತ್ತವೆ. ಬೇಕಾದದ್ದು ಡಿಸ್ಟಿಲ್ಡ್ ವಾಟರ್. ಲೂಪಿಗೆ ಒಂದು ಲೀಟರ್ ಸಾಕಾದರೂ ರೇಡಿಯೇಟರ್ ತೊಳೆಯಲಿಕ್ಕೆ ಸೇರಿಸಿ ಐದು ಲೀಟರ್ ತನ್ನಿ. ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ, ತೊಳೆಯದೆ ಹಾಕಿದರೆ ಅದೆಲ್ಲ ಬ್ಲಾಕಿಗೆ ಬಂದು ಕೂರುತ್ತದೆ. ನೀರಿಗೆ ಪಾಚಿನಾಶಕವನ್ನೂ ತುಕ್ಕುನಿರೋಧಕವನ್ನೂ ಬೆರೆಸಲೇಬೇಕು. ಶುದ್ಧ ನೀರಿನಲ್ಲಿ ಕರೆಂಟ್ ಹರಿಯದು, ಸೋರಿದರೂ ಭಯವಿಲ್ಲ ಎಂಬ ಮಾತನ್ನು ನಂಬಬೇಡಿ. ಲೋಹ ತಾಗಿದ ಕೂಡಲೇ ಕರೆಂಟ್ ಹರಿಸುವ ಅಯಾನುಗಳು ಸೇರಿಕೊಳ್ಳಲು ಶುರು.

ಅಲ್ಯುಮಿನಿಯಂ ಮತ್ತು ತಾಮ್ರವನ್ನು ಒಂದೇ ಲೂಪಿಗೆ ಸೇರಿಸುವುದು ಎಲ್ಲಕ್ಕಿಂತ ದುಬಾರಿಯ ತಪ್ಪು. ಎರಡು ಲೋಹ, ನಡುವೆ ನೀರು ಎಂದರೆ ಬ್ಯಾಟರಿಯೇ ಆಯಿತು. ಅಲ್ಯುಮಿನಿಯಂ ಕರಗಿ ಬಿಳಿ ಲೋಳೆಯಾಗಿ ಸೀಳುಗಳನ್ನು ಮುಚ್ಚುತ್ತದೆ. ಹಳೆಯ ರೆಡಿಮೇಡ್ ಕೂಲರಿನ ರೇಡಿಯೇಟರ್ ಬಹುಪಾಲು ಅಲ್ಯುಮಿನಿಯಮ್ಮೇ, ಅದನ್ನು ಉಳಿತಾಯಕ್ಕೆಂದು ಇದಕ್ಕೆ ಸಿಕ್ಕಿಸಬೇಡಿ.

ಬಾವಿಯ ತಣ್ಣೀರನ್ನೇ ಸುತ್ತಿಸಬಹುದಲ್ಲ, ಐಸ್ ಹಾಕಬಹುದಲ್ಲ ಎಂಬ ಯೋಚನೆ ಇಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಆಟಿಯ ಮಳೆಯಲ್ಲಿ ಗಾಳಿ 28 ಡಿಗ್ರಿ, ತೇವಾಂಶ ಶೇಕಡಾ 95 ಇರುವಾಗ ಇಬ್ಬನಿ ಬಿಂದು 27. ಅದಕ್ಕಿಂತ ತಣ್ಣಗಿನ ಯಾವ ಬ್ಲಾಕಾದರೂ ಬೆವರುತ್ತದೆ, ಆ ಬೆವರು ಮದರ್‌ಬೋರ್ಡಿಗೆ ಇಳಿಯುತ್ತದೆ. ಸಾಮಾನ್ಯ ಲೂಪಿನಲ್ಲಿ ಈ ಭಯವಿಲ್ಲ. ಅದರ ನೀರು ಕೋಣೆಗಿಂತ ಸದಾ ತುಸು ಬಿಸಿಯೇ.

ಪೈಪಿನಲ್ಲಿ ಮೊದಲ ಸಲದವರಿಗೆ ಮೆದು ಪೈಪೇ ಸರಿ: ಒಳಗೆ 10, ಹೊರಗೆ 16 ಮಿಲಿಮೀಟರ್. ದಪ್ಪ ಗೋಡೆಯಾದ್ದರಿಂದ ಬಾಗಿಸಿದಾಗ ಮಡಚಿಕೊಳ್ಳುವುದು ಕಡಿಮೆ. ಫಿಟ್ಟಿಂಗ್ ಕೂಡ 10/16 ಅಂತಲೇ ಇರಬೇಕು; 10/13 ತರಿಸಿಕೊಂಡು ಪೇಚಾಡುವವರು ಬಹಳ. ಪಾರದರ್ಶಕ ಪಿವಿಸಿ ಕಾಲಕ್ರಮೇಣ ಮಂಜಾಗಿ ಅದರ ಮೆದುಕಾರಕ ನೀರಿಗೆ ಬಿಡುತ್ತದೆ, ಕಪ್ಪು ಇಪಿಡಿಎಂ ರಬ್ಬರ್ ಚೆಂದ ಕಾಣದಿದ್ದರೂ ಬಾಳುತ್ತದೆ. ಎರಡು ಫಿಟ್ಟಿಂಗ್, ಸಂದು ಸೋರದಂತೆ ತಡೆಯುವ ರಬ್ಬರ್ ಬಳೆ ಓ-ರಿಂಗ್ ಒಂದಿಷ್ಟು ಹೆಚ್ಚಿಗೆ ತರಿಸಿ; ಕಡಿಮೆಬಿದ್ದರೆ ಬದಿಯಡ್ಕ ಪೇಟೆಯಲ್ಲಿ ಸಿಗುವ ಸಾಮಾನಲ್ಲ. ಕೈಯಿಂದ ಬಿಗಿಸಿ, ಮೇಲೆ ಸ್ವಲ್ಪ ತಿರುವಿದರೆ ಸಾಕು. ಸ್ಪ್ಯಾನರಿನ ಆವೇಶಕ್ಕೆ ಓ-ರಿಂಗ್ ಹರಿಯುತ್ತದೆ, ಅಕ್ರಿಲಿಕ್ ಸೀಳುತ್ತದೆ. ಎಲ್ಲಕ್ಕಿಂತ ತಗ್ಗಿನಲ್ಲಿ ಒಂದು ಟಿ-ಫಿಟ್ಟಿಂಗೂ ಬಾಲ್ ವಾಲ್ವೂ ಇರಲಿ, ಇಲ್ಲದಿದ್ದರೆ ನೀರು ಖಾಲಿ ಮಾಡುವ ದಿನ ಕಷ್ಟ.

ತುಂಬಿಸುವಾಗ ಕರೆಂಟ್ ಪಂಪಿಗೆ ಮಾತ್ರ ಹೋಗಬೇಕು, ಬೋರ್ಡಿಗೆ ಯಾವ ವೈರೂ ಬೇಡ. ಪವರ್ ಸಪ್ಲೈಯ 24 ಪಿನ್ ಕನೆಕ್ಟರಿಗೆ ಜಂಪರ್ (ಬೋರ್ಡಿಲ್ಲದೆ ಸಪ್ಲೈ ಚಾಲೂ ಮಾಡುವ ಸಾಧನ) ಹಾಕಿ ಪಂಪ್ ನಡೆಸಿ, ಪ್ರತಿ ಸಂದಿಯ ಕೆಳಗೂ ಟಿಶ್ಯೂ ಇಟ್ಟು 24 ಗಂಟೆ ಬಿಡಿ. ಪೆಟ್ಟಿಗೆಯನ್ನು ಆಚೀಚೆ ವಾಲಿಸಿದರೆ ಸಿಕ್ಕಿಬಿದ್ದ ಗುಳ್ಳೆಗಳು ಹೊರಬರುತ್ತವೆ, ರಿಸರ್ವಾಯರಿನ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಬೇಕು. ಪಂಪಿನ ವೇಗ ತಿಳಿಸುವ ವೈರನ್ನು ಬೋರ್ಡಿನ ಪ್ರೊಸೆಸರ್ ಫ್ಯಾನ್ ಜಾಗಕ್ಕೆ ಸಿಕ್ಕಿಸಿದರೆ, ಪಂಪ್ ನಿಂತಾಗ ಕಂಪ್ಯೂಟರೇ ಎಚ್ಚರಿಸುತ್ತದೆ.

ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ದ್ರವ ಬದಲಿಸಿ. ಹೊರತೆಗೆದದ್ದನ್ನು ಮಾತ್ರ ಅಂಗಳಕ್ಕೆ ಚೆಲ್ಲಬೇಡಿ: ಕೆಲವು ದ್ರವಗಳಲ್ಲಿ ಎಥಿಲಿನ್ ಗ್ಲೈಕಾಲ್ ಇರುತ್ತದೆ. ಅದು ಸಿಹಿ, ದನವೋ ನಾಯಿಯೋ ನೆಕ್ಕಿದರೆ ವಿಷ.