ಕಣ್ಣು ಸುಳ್ಳು ಹೇಳಿತು, ಹೆಬ್ಬೆರಳು ಹೇಳಲಿಲ್ಲ

ರೈಲು ನಿಂತಿತು. ಮೇಲಿಂದ ಒಬ್ಬ ಹುಡುಗ ಪಲ್ಟಿ ಹೊಡೆದು ಪ್ಲಾಟ್‌ಫಾರ್ಮಿಗೆ ಇಳಿದ. ಬೆನ್ನ ಮೇಲೆ ಹೆಚ್ಚುಕಮ್ಮಿ ಅವನಷ್ಟೇ ಉದ್ದದ ಕತ್ತಿ. ತಲೆಗೂದಲು ಮುಳ್ಳುಹಂದಿಯ ಹಾಗೆ. ನನ್ನ ಬಾಯಿಂದ ತಾನಾಗಿಯೇ ಬಂದ ಮಾತು: "ಹೌದು, ಹೀಗೇ ಇತ್ತು!"

ಹೀಗೆ ಇರಲೇ ಇಲ್ಲ. ಅದು ಗೊತ್ತಾಗಿದ್ದು ಆಮೇಲೆ.

2020ರ ಮಾರ್ಚ್ 2ರಂದು 'ಫೈನಲ್ ಫ್ಯಾಂಟಸಿ 7 ರೀಮೇಕ್' ಎಂಬ ವಿಡಿಯೋ ಗೇಮ್‌ನ ಡೆಮೊ ಬಂತು. ಪೂರ್ತಿ ಆಟಕ್ಕೆ ಇನ್ನೂ ಐದು ವಾರ ಮಿಕ್ಕಿ ಕಾಯಬೇಕಿತ್ತು. ಅಷ್ಟರಲ್ಲಿ ರುಚಿ ನೋಡಲಿ ಎಂದು ಮೊದಲ ಅಧ್ಯಾಯವನ್ನು ಮಾತ್ರ ಬಿಟ್ಟಿದ್ದರು. ಮೂಲ ಆಟ 1997ರದ್ದು, ಮೂರು ಸಿಡಿಗಳಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ಬಂದದ್ದು. ಚಿಕ್ಕಂದಿನಲ್ಲಿ ಅದನ್ನು ಎಷ್ಟು ಸಲ ಆಡಿದ್ದೆನೋ ಲೆಕ್ಕವಿಲ್ಲ. ರೀಮೇಕ್‌ಗಾಗಿ ಕಾದದ್ದು ಮಾತ್ರ ಚೆನ್ನಾಗಿ ನೆನಪಿದೆ. 2005ರಲ್ಲಿ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ, ಆಗಿನ್ನೂ ಬರಬೇಕಿದ್ದ ಪ್ಲೇಸ್ಟೇಷನ್ 3 ಎಷ್ಟು ಗಟ್ಟಿ ಎಂದು ತೋರಿಸಲು, ಇದೇ ಆಟದ ಆರಂಭದ ದೃಶ್ಯವನ್ನು ಹೊಸದಾಗಿ ಮಾಡಿ ತೋರಿಸಿದರು. ಇದು ಬರೀ ತಾಂತ್ರಿಕ ಪ್ರದರ್ಶನ, ಆಟವಲ್ಲ ಎಂದೂ ಹೇಳಿದರು. ಯಾರು ಕೇಳುತ್ತಾರೆ? ರೀಮೇಕ್ ಮಾಡುತ್ತೇವೆ ಎಂದು ನಿಜವಾಗಿ ಘೋಷಿಸಿದ್ದು 2015ರಲ್ಲಿ. ಹತ್ತು ವರ್ಷ ನಾವೆಲ್ಲ ಆ ಆಟವನ್ನು ತಲೆಯೊಳಗೇ ಕಟ್ಟಿಕೊಂಡು ಕೂತಿದ್ದೆವು.

ಡೆಮೊ ಮುಗಿದ ಮೇಲೆ ಹಳೆಯ ಆಟವನ್ನೂ ಹಾಕಿ ನೋಡಿದೆ. ಅಯ್ಯೋ! ಹುಡುಗನಿಗೆ ಬೆರಳುಗಳೇ ಇಲ್ಲ. ತೋಳಿನ ತುದಿಗೆ ಒಂದೊಂದು ಇಟ್ಟಿಗೆ ಅಂಟಿಸಿದ ಹಾಗಿದೆ. ಹಿಂದಿನ ರೈಲು ನಿಲ್ದಾಣ ಒಂದು ಚಪ್ಪಟೆ ಚಿತ್ರ, ಅದರ ಮೇಲೆ ಗೊಂಬೆ ಜಾರಿಕೊಂಡು ಹೋಗುತ್ತದೆ. ಆಗಿನ ಪರದೆಯಲ್ಲಿ ಇದ್ದದ್ದು ಸುಮಾರು 320 × 240 ಚುಕ್ಕಿ, ಅಂದರೆ 77 ಸಾವಿರಕ್ಕೂ ಕಡಿಮೆ. ಡೆಮೊ ಓಡಿದ ನನ್ನ ಟಿವಿಯಲ್ಲಿ 1920 × 1080, ಅಂದರೆ 20 ಲಕ್ಷಕ್ಕೂ ಜಾಸ್ತಿ. 27 ಪಟ್ಟು ವ್ಯತ್ಯಾಸ. ಇಷ್ಟು ದೊಡ್ಡ ವ್ಯತ್ಯಾಸವನ್ನು ನೋಡಿಯೂ ನಾನು "ಹೀಗೇ ಇತ್ತು" ಅಂದೆನಲ್ಲ, ಹೇಗೆ?

ತಪ್ಪಿನಲ್ಲಿ ಹಳೆಯ ಟಿವಿಯ ಪಾಲೂ ಇದೆ. ದಪ್ಪ ಬೆನ್ನಿನ ಆ ಟಿವಿಗಳಲ್ಲಿ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಯಲ್ಲಿ ಬಳಿದ ಫಾಸ್ಫರ್ ಎಂಬ ಹೊಳೆಯುವ ಲೇಪಕ್ಕೆ ಬಡಿದು ಬೆಳಕಾಗುತ್ತಿತ್ತು. ಚುಕ್ಕಿಗೆ ಚೂಪಾದ ಅಂಚು ಇರುತ್ತಿರಲಿಲ್ಲ, ಪಕ್ಕದ್ದರೊಳಗೆ ಮೆತ್ತಗೆ ಕರಗುತ್ತಿತ್ತು. ಒಂದೇ ತಂತಿಯಲ್ಲಿ ಬರುವ ಸಿಗ್ನಲ್‌ನಲ್ಲಿ ಬಣ್ಣಗಳೂ ಒಂದಿಷ್ಟು ಸೋರಿಕೊಳ್ಳುತ್ತಿದ್ದವು. ಆಟ ಮಾಡುವವರಿಗೆ ಇದು ಗೊತ್ತಿತ್ತು. ಆಗಿನ ಎಷ್ಟೋ ಆಟಗಳಲ್ಲಿ ಎರಡು ಬಣ್ಣದ ಚುಕ್ಕಿಗಳನ್ನು ಒಂದು ಬಿಟ್ಟು ಒಂದು ಇಟ್ಟು, ಟಿವಿಯೇ ಅವನ್ನು ಕಲಸಿ ಮೂರನೆಯ ಬಣ್ಣ ಮಾಡಲಿ ಎಂದು ಬಿಡುತ್ತಿದ್ದರು. ಇವತ್ತಿನ ಚಪ್ಪಟೆ ಟಿವಿಯಲ್ಲಿ ಅದೇ ಚಿತ್ರ ಹಾಕಿದರೆ ಪ್ರತಿ ಚುಕ್ಕಿಯೂ ಬೇರೆಬೇರೆ ಎದ್ದು ಕಾಣುತ್ತದೆ. ಹಾಗಾಗಿ ನಾನು ಚಿಕ್ಕಂದಿನಲ್ಲಿ ನೋಡಿದ ಚಿತ್ರ ಇವತ್ತು ಕಾಣುವಷ್ಟು ಒರಟಾಗಿ ನಿಜಕ್ಕೂ ಇರಲಿಲ್ಲ. ಆದರೆ ಯಾವ ಟಿವಿಯೂ ಇಟ್ಟಿಗೆಗೆ ಬೆರಳು ಮೂಡಿಸಲಾರದು. ಆ ಬೆರಳುಗಳನ್ನು ಹಾಕಿದ್ದು ನನ್ನ ತಲೆ.

ಡೆಮೊದಲ್ಲಿ ನಾವು ಒಂದು ವಿದ್ಯುತ್ ಸ್ಥಾವರದೊಳಗೆ ಬಾಂಬ್ ಇಡಲು ಇಳಿಯುತ್ತೇವೆ. ಸುತ್ತ ಪೈಪುಗಳು, ಏಣಿಗಳು, ಕೆಳಗೆ ಆಳದಲ್ಲಿ ಹಸಿರು ಹೊಳಪು. ನನ್ನ ನೆನಪಿನಲ್ಲಿ ಆ ಜಾಗ ಭಾರೀ ದೊಡ್ಡದು. ಹಳೆಯ ಆಟದಲ್ಲಿ ಅದು ಕೆಲವೇ ಕೆಲವು ನಿಂತ ಚಿತ್ರಗಳು. ಚೌಕಟ್ಟಿನ ಆಚೆ ಏನೂ ಇಲ್ಲ, ಬರೀ ಕಪ್ಪು. ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು 1989ರಲ್ಲಿ ಹೆಲೀನ್ ಇಂಟ್ರಾಬ್ ಮತ್ತು ಮೈಕೆಲ್ ರಿಚರ್ಡ್‌ಸನ್ ವರದಿ ಮಾಡಿದರು. ಜನರಿಗೆ ಫೋಟೋ ತೋರಿಸಿ, ಆಮೇಲೆ ಅದರ ಚಿತ್ರವನ್ನು ನೆನಪಿನಿಂದ ಬರೆಯಲು ಹೇಳಿದರು. ಬರೆದ ಚಿತ್ರಗಳಲ್ಲಿ ಫೋಟೋದ ಅಂಚಿನ ಆಚೆಯದೂ ಬಂದಿತ್ತು. ಅರ್ಧಕ್ಕೆ ಕತ್ತರಿಸಿಹೋಗಿದ್ದ ವಸ್ತುಗಳು ಇಡಿಯಾಗಿದ್ದವು. ಸುತ್ತ ಜಾಗ ಹೆಚ್ಚಿತ್ತು. ಯಾರೂ ಬೇಕೆಂದು ಸೇರಿಸಿರಲಿಲ್ಲ, ಅದನ್ನೆಲ್ಲ ನೋಡಿದ್ದೇವೆ ಎಂದೇ ಅವರ ನೆನಪು. ಎಲ್ಲ ಚಿತ್ರಕ್ಕೂ ಹೀಗಾಗುವುದಿಲ್ಲ ಅನ್ನಿ. ದೂರದಿಂದ ತೆಗೆದ ಕೆಲವು ಚಿತ್ರಗಳು ನೆನಪಿನಲ್ಲಿ ಕುಗ್ಗುತ್ತವೆ ಎಂದು 2020ರಲ್ಲಿ ವಿಲ್ಮಾ ಬೈನ್‌ಬ್ರಿಜ್ ಮತ್ತು ಕ್ರಿಸ್ ಬೇಕರ್ ತೋರಿಸಿದರು. ಏನೇ ಆಗಲಿ, ಕಣ್ಣಿನ ನೆನಪು ಚೌಕಟ್ಟಿಗೆ ಮರ್ಯಾದೆ ಕೊಡುವುದಿಲ್ಲ.

ಅಂದಮೇಲೆ ರೀಮೇಕ್ ಮಾಡುವವರ ಕೆಲಸ ವಿಚಿತ್ರದ್ದು. ಮೂಲ ಆಟದ ನಕಲು ಮಾಡಿದರೆ ನಾವು ಬೈಯುತ್ತೇವೆ. ಎಂದೂ ಇಲ್ಲದ, ನಮ್ಮ ತಲೆಯಲ್ಲಿ ಮಾತ್ರ ಇರುವ ಆಟದ ನಕಲು ಮಾಡಬೇಕು. ಅದು ಕಷ್ಟ ಎಂದು ನಾನು ಅಂದುಕೊಂಡಿದ್ದೆ. ಆದರೆ ಚಿತ್ರದ ಮಟ್ಟಿಗೆ ಇದೇ ಸುಲಭದ ಭಾಗ ಎಂದು ಈಗ ಅನ್ನಿಸುತ್ತದೆ. ಕಣ್ಣನ್ನು ಒಪ್ಪಿಸುವುದು ದೊಡ್ಡ ಮಾತಲ್ಲ. ಅದು "ಯಾರು" ಎಂಬುದನ್ನು ಭದ್ರವಾಗಿ ಇಟ್ಟುಕೊಳ್ಳುತ್ತದೆ, "ಹೇಗಿದ್ದರು" ಎಂಬುದರ ಬಗ್ಗೆ ಧಾರಾಳಿ.

"ಯಾರು" ಎಂಬುದನ್ನು ಎಷ್ಟು ಭದ್ರವಾಗಿ ಇಟ್ಟುಕೊಳ್ಳುತ್ತದೆ ಎಂಬುದಕ್ಕೆ ಒಂದು ಚಂದದ ಸಾಕ್ಷಿ ಇದೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಪರದೆಯಲ್ಲಿ ಇದ್ದದ್ದು 160 × 144 ಚುಕ್ಕಿ, ನಾಲ್ಕೇ ನಾಲ್ಕು ಛಾಯೆ. ಅದರಲ್ಲಿ ಮಕ್ಕಳು ಪೋಕೆಮಾನ್ ಆಡುತ್ತಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ 11 ಜನರನ್ನೂ, ಎಂದೂ ಆಡದ 11 ಜನರನ್ನೂ ಕರೆದು ಮಿದುಳಿನ ಸ್ಕ್ಯಾನ್ ಮಾಡಿದರು. ಆಡಿದವರ ಮಿದುಳಿನ ದೃಷ್ಟಿಯ ಭಾಗದಲ್ಲಿ ಒಂದು ಮಡಿಕೆ ಪೋಕೆಮಾನ್ ಪ್ರಾಣಿಗಳನ್ನು ಕಂಡಾಗ ಹೆಚ್ಚು ಚುರುಕಾಗುತ್ತಿತ್ತು. ಎಲ್ಲರಲ್ಲೂ ಹೆಚ್ಚುಕಡಿಮೆ ಅದೇ ಜಾಗ! ಪುಟ್ಟ ಪರದೆಯನ್ನು ಕಣ್ಣಿನ ನಡುಭಾಗದಿಂದಲೇ ನೋಡುತ್ತಿದ್ದುದರಿಂದ ಆ ನೆನಪು ಆ ಜಾಗದಲ್ಲೇ ಕೂತಿರಬೇಕು ಎಂಬುದು ಅವರ ವಾದ. 2019ರಲ್ಲಿ ಇದು ಪ್ರಕಟವಾಯಿತು. ಬಾಲ್ಯದಲ್ಲಿ ಗೇಮ್ ಆಡಿ ಸಮಯ ಹಾಳು ಮಾಡಿದೆ ಎಂದು ಬೈಸಿಕೊಂಡವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಇಷ್ಟೂ ಕಣ್ಣಿನ ಕಥೆ. ಈಗ ಹೆಬ್ಬೆರಳಿನದು.

ಡೆಮೊದಲ್ಲಿ ಮೊದಲ ಕಾವಲುಗಾರ ಎದುರಾದ. ಒಂದು ಏಟು ಹೊಡೆದೆ. ಹೆಬ್ಬೆರಳು ಬಟನ್‌ನಿಂದ ಎದ್ದು ಸುಮ್ನೆ ಕೂತಿತು. ಎದುರಾಳಿ ಗುಂಡು ಹಾರಿಸುತ್ತಿದ್ದಾನೆ. ನನ್ನ ಹೀರೊ ಕಂಬದ ಹಾಗೆ ನಿಂತು ಏಟು ತಿನ್ನುತ್ತಿದ್ದಾನೆ. ಆಗ ಹೊಳೆಯಿತು, ಹೆಬ್ಬೆರಳು ಕಾಯುತ್ತಿದೆ. ಹಳೆಯ ಆಟದಲ್ಲಿ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತಿತ್ತು. ಅದು ತುಂಬಿದ ಮೇಲೆಯೇ ಮುಂದಿನ ಏಟು. ಹೊಸದರಲ್ಲಿ ಬಟನ್ ಒತ್ತುತ್ತಲೇ ಇರಬೇಕು, ಓಡುತ್ತಲೇ ಇರಬೇಕು. ಇಷ್ಟು ವರ್ಷದ ಮೇಲೂ ಆ ಪಟ್ಟಿ ತುಂಬುವ ಹೊತ್ತು ನನ್ನ ಬೆರಳಿನಲ್ಲಿ ಹಾಗೇ ಉಳಿದಿತ್ತು. ಯಾರಾದರೂ ಕೇಳಿದ್ದರೆ ನಾನು ಹೇಳಲಾರೆ. ಬೆರಳಿಗೆ ಗೊತ್ತಿತ್ತು.

ಬೆರಳಿನ ನೆನಪು ಬೇರೆಯದೇ ಖಾತೆ. ಇದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಹೆನ್ರಿ ಮೊಲೈಸನ್ ಮುಖ್ಯ. 1953ರಲ್ಲಿ ಮೂರ್ಛೆರೋಗಕ್ಕೆಂದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ, ನೆನಪಿಗೆ ಬೇಕಾದ ಅಂಗದ ಬಹುಭಾಗ ತೆಗೆದರು. ಆಮೇಲೆ ಅವರಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆ ಅವರಿಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮಾಡಿ ನೋಡಿ, ಕೈ ಉಲ್ಟಾ ಓಡುತ್ತದೆ. ಮೂರು ದಿನ ಅಭ್ಯಾಸವಾಯಿತು. ದಿನದಿನಕ್ಕೂ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಇದನ್ನು ಮಾಡಿದ್ದೇನೆ ಎಂಬ ನೆನಪೇ ಅವರಿಗಿರಲಿಲ್ಲ. ಕೈ ಕಲಿತದ್ದು ತಲೆಗೆ ಗೊತ್ತಿಲ್ಲ. ಇಂಥ ಕಲಿಕೆಗೆ ಮಿದುಳಿನ ಬೇರೆ ಭಾಗಗಳು ಬೇಕು, ಕಿರುಮಿದುಳು ಅವುಗಳಲ್ಲಿ ಒಂದು.

ಈ ಖಾತೆಯಲ್ಲಿ ಧಾರಾಳತನ ಇಲ್ಲ. ಕಣ್ಣು ಇಟ್ಟಿಗೆಯನ್ನು ಬೆರಳು ಎಂದು ಒಪ್ಪುತ್ತದೆ, ಕೈ ಒಂದು ಕ್ಷಣದ ಭಾಗವನ್ನೂ ಬಿಟ್ಟುಕೊಡುವುದಿಲ್ಲ. 2017ರಲ್ಲಿ ಮೂರು ಹಳೆಯ ಕ್ರ್ಯಾಶ್ ಬ್ಯಾಂಡಿಕೂಟ್ ಆಟಗಳ ರೀಮೇಕ್ ಒಟ್ಟಿಗೆ ಬಂದಾಗ ಇದೇ ಆಯಿತು. ಹಳಬರು ಸುಲಭದ ಜಿಗಿತಗಳಲ್ಲೇ ಹಳ್ಳಕ್ಕೆ ಬೀಳತೊಡಗಿದರು. ವಯಸ್ಸಾಯಿತೇನೋ ಎಂದು ಕೆಲವರು ಅಂದುಕೊಂಡಿರಬೇಕು. ಕೊನೆಗೆ ಆಟ ತಂದ ಕಂಪನಿಯೇ ವಿವರಿಸಿತು: ಮೂರಕ್ಕೂ ಒಂದೇ ನಡೆ ಇರಲಿ ಎಂದು ಮೂರನೆಯ ಆಟದ್ದನ್ನು ಆಧಾರವಾಗಿ ತೆಗೆದುಕೊಂಡಿದ್ದೇವೆ, ಜಿಗಿದು ಕೆಳಗಿಳಿಯುವಾಗ ಮೊದಲ ಆಟಕ್ಕಿಂತ ಬೇಗ ಬೀಳುತ್ತೀರಿ ಎಂದು. ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಕಷ್ಟ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರ ನಿಲ್ಲುವುದು 17 ಮಿಲಿಸೆಕೆಂಡ್‌ಗೂ ಕಡಿಮೆ. ಅಂಥ ಒಂದೆರಡು ಚಿತ್ರದಷ್ಟು ಹೊತ್ತಿನಲ್ಲೇ ಸಾವು ಬದುಕು ತೀರ್ಮಾನವಾಗುತ್ತದೆ. ಹೊಸ ರೀಮೇಕ್‌ನ ಡೆಮೊ ಕೈಗೆ ಸಿಕ್ಕರೆ ನಾನು ಈಗ ಗ್ರಾಫಿಕ್ಸ್ ನೋಡುವುದಿಲ್ಲ. ಒಂದು ಸಲ ಜಿಗಿದು ನೋಡುತ್ತೇನೆ, ಅಷ್ಟೇ.

ನನ್ನ ಡೆಮೊಗೆ ಬರೋಣ. ಕೊನೆಯ ಬಾಸ್, ಅಂದರೆ ಕೊನೆಗೆ ಎದುರಾಗುವ ದೊಡ್ಡ ಎದುರಾಳಿ, ಒಂದು ಯಾಂತ್ರಿಕ ಚೇಳು. ಹಳೆಯ ಆಟದ ಇಂಗ್ಲಿಷ್ ಆವೃತ್ತಿಯಲ್ಲಿ ಈ ಚೇಳು ಕುಖ್ಯಾತ. ಅನುವಾದ ಕೆಟ್ಟು, ಬಾಲ ಎತ್ತಿದಾಗ ಹೊಡೆ ಎಂದು ಓದುವ ಹಾಗೆ ಸಾಲು ಬಿದ್ದಿತ್ತು. ಹೊಡೆದರೆ ಲೇಸರ್ ತಿರುಗಿ ಬರುತ್ತಿತ್ತು. ಆಡಿದವರೆಲ್ಲ ಒಮ್ಮೆಯಾದರೂ ಬೆಂದು ಕಲಿತ ಪಾಠ. ಡೆಮೊದಲ್ಲಿ ಚೇಳು ಬಾಲ ಎತ್ತಿತು. ನನ್ನ ಕೈ ತಕ್ಷಣ ನಿಂತಿತು. ಗೆದ್ದೆ ಅಂದುಕೊಂಡೆ. ಹೊಡೆಯದೆ ನಿಂತರೂ ಲೇಸರ್ ಬಂದೇ ಬಂತು! ಇಲ್ಲಿ ಸುಮ್ಮನಿದ್ದರೆ ಸಾಲದು, ಬಿದ್ದ ಲೋಹದ ಚೂರಿನ ಹಿಂದೆ ಅಡಗಬೇಕು. ಸುಟ್ಟು ಬಿದ್ದೆ. ಆದರೂ ಜೋರಾಗಿ ನಕ್ಕೆ.

ಆ ನಗುವಿಗೂ ಒಂದು ಲೆಕ್ಕವಿದೆ. ಮೂಲ ಆಟ ಬಂದ ಅದೇ 1997ರಲ್ಲಿ ವೋಲ್ಫ್‌ರಾಮ್ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಒಂದು ಪ್ರಬಂಧ ಪ್ರಕಟಿಸಿದರು. ಮಂಗಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳು ಬಹುಮಾನಕ್ಕೆ ಸುಮ್ಮನೆ ಕುಣಿಯುವುದಿಲ್ಲ, ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಅಳೆಯುತ್ತವೆ ಎಂಬುದು ಅದರ ಸಾರ. ಬಹುಮಾನವಾಗಿ ಹಣ್ಣಿನ ರಸ ಬರುತ್ತದೆ ಎಂದು ಮಂಗಕ್ಕೆ ಗೊತ್ತಿದ್ದು ರಸವೇ ಬಂದರೆ ಆ ಕೋಶಗಳಿಗೆ ಅದು ಸುದ್ದಿಯೇ ಅಲ್ಲ. ಹಳೆಯ ಆಟವನ್ನು ಚಾಚೂ ತಪ್ಪದೆ ಮತ್ತೆ ಕೊಟ್ಟಿದ್ದರೆ ನನಗೂ ಹಾಗೇ ಆಗುತ್ತಿತ್ತೇನೋ. ಪೂರ್ತಿ ಬೇರೆ ಕೊಟ್ಟಿದ್ದರೆ ಅಂದುಕೊಳ್ಳುವುದಕ್ಕೇ ಏನೂ ಇರುತ್ತಿರಲಿಲ್ಲ. ಚೇಳು ಬಾಲ ಎತ್ತಬೇಕು, ನಾನು ನಿಲ್ಲಬೇಕು, ಆಮೇಲೆ ಅದು ಮಾತು ತಪ್ಪಬೇಕು. ಈ ದೃಶ್ಯ ಬರೆದವರು ನನ್ನಂಥವರ ಹೆಬ್ಬೆರಳನ್ನು ನೆನೆದುಕೊಂಡೇ ಬರೆದಿದ್ದಾರೆ ಎಂದು ನನ್ನ ಗುಮಾನಿ.

ಚೇಳು ಸತ್ತ ಮೇಲೆ ಸ್ಥಾವರ ಸ್ಫೋಟಿಸುವ ಮುಂಚೆ ಓಡಬೇಕು. ಹಳೆಯದರಲ್ಲಿ ಹತ್ತು ನಿಮಿಷ. ಡೆಮೊದಲ್ಲಿ 20 ಬೇಕೋ 30 ಬೇಕೋ ಎಂದು ನಮ್ಮನ್ನೇ ಕೇಳುತ್ತಾರೆ. ನಾನು 30 ತೆಗೆದುಕೊಂಡೆ, ನಾಚಿಕೆಯೇನಿಲ್ಲ.

ಓಡುವಾಗ ಕಾಡಿದ್ದು ದನಿ. ಮೂಲ ಆಟದಲ್ಲಿ ಯಾರೂ ಮಾತಾಡುವುದಿಲ್ಲ, ನೀಲಿ ಚೌಕದಲ್ಲಿ ಅಕ್ಷರ ಮೂಡುತ್ತದೆ. ನಡುವೆ ಬಂದ ಸಿನಿಮಾದಲ್ಲಿ ಹೀರೊಗೆ ದನಿ ಸಿಕ್ಕಿತ್ತಂತೆ, ನಾನು ನೋಡಿರಲಿಲ್ಲ. ಹಾಗಾಗಿ ಡೆಮೊದಲ್ಲಿ ಅವನು ಬಾಯಿ ತೆರೆದಾಗ ನನಗೆ ಸಿಟ್ಟೇ ಬಂತು. "ಇದು ಅವನ ದನಿ ಅಲ್ಲ!" ದನಿಯೇ ಇಲ್ಲದವನ ದನಿ ನನಗೆ ಹೇಗೆ ಗೊತ್ತು? ಗ್ಲಾಸ್ಗೊ ವಿಶ್ವವಿದ್ಯಾಲಯದ ಬೋ ಯಾವ್ ಮತ್ತು ಸಂಗಡಿಗರು 2011ರಲ್ಲಿ ಕಂಡದ್ದು ಇಲ್ಲಿಗೆ ಹೊಂದುತ್ತದೆ. ಮನಸ್ಸಿನಲ್ಲೇ ಓದುವಾಗಲೂ, ಪಾತ್ರ ನೇರವಾಗಿ ಆಡಿದ ಮಾತು ಬಂದರೆ ಮಿದುಳಿನಲ್ಲಿ ಮನುಷ್ಯರ ದನಿ ಗುರುತಿಸುವ ಭಾಗ ಹೆಚ್ಚು ಚುರುಕಾಗುತ್ತದೆ. ಅವನು ಬರುವುದಾಗಿ ಹೇಳಿದ ಎಂಬಂಥ ವರದಿ ಮಾತಿಗೆ ಅಷ್ಟಿಲ್ಲ. ನೀಲಿ ಚೌಕದ ತುಂಬ ನೇರ ಮಾತೇ ಅಲ್ವಾ? ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ಓದುತ್ತಾ ನಾನೇ ಅವನಿಗೆ ಒಂದು ದನಿ ಕೊಟ್ಟಿದ್ದೆ. ಬಹುಶಃ ನನ್ನದೇ ಗಂಟಲು, ಸ್ವಲ್ಪ ದಪ್ಪ ಮಾಡಿಕೊಂಡು.

ನೆನಪನ್ನು ತೆರೆದು ನೋಡುವುದೂ ನಿರಪಾಯದ ಕೆಲಸವಲ್ಲ. 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಶಬ್ದ ಕೇಳಿದರೆ ಹೆದರುವುದನ್ನು ಕಲಿಸಿದರು. ಆ ನೆನಪು ಗಟ್ಟಿಯಾದ ಮೇಲೆ, ಅದೇ ಶಬ್ದ ಕೇಳಿಸಿ ನೆನಪು ಕೆದಕಿ, ಕೂಡಲೇ ಮಿದುಳಿನ ಭಯದ ಕೇಂದ್ರದಲ್ಲಿ ಪ್ರೊಟೀನ್ ತಯಾರಿಕೆ ತಡೆಯುವ ಮದ್ದು ಹಾಕಿದರು. ಆಮೇಲೆ ಇಲಿಗಳ ಭಯ ಬಹಳ ಕಡಿಮೆಯಾಯಿತು. ಕೆದಕದೆ ಮದ್ದು ಹಾಕಿದರೆ ಏನೂ ಆಗಲಿಲ್ಲ. ಅಂದರೆ ಹೊರತೆಗೆದ ನೆನಪು ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ಮತ್ತೆ ಒಣಗಿಸಿ ಇಡಬೇಕು. ಇಲಿಯ ಭಯದಿಂದ ನನ್ನ ಆಟದ ನೆನಪಿಗೆ ನೇರ ದಾರಿ ಎಳೆಯುವುದು ಅತಿಯಾದೀತು. ಆದರೂ ಹಳೆಯ ಆಟವನ್ನು ಮತ್ತೆ ಹಾಕಿಕೊಂಡ ಆ ರಾತ್ರಿ ನನಗೆ ಈ ಇಲಿಗಳೇ ನೆನಪಾದವು.

ರೈಲು ನಿಂತಿತು. ಇಟ್ಟಿಗೆ ಕೈಯ ಹುಡುಗ ಇಳಿದ. ನೀಲಿ ಚೌಕ ಮೂಡಿತು. ಓದಿದೆ. ಕೇಳಿಸಿದ್ದು ಡೆಮೊದ ನಟನ ದನಿ. ಚೌಕ ಮುಚ್ಚಿ ಇನ್ನೊಂದು ತೆರೆದೆ, ಅದರಲ್ಲೂ ಅದೇ. ನಾನು ಕೊಟ್ಟಿದ್ದ ದನಿಗಾಗಿ ತಡಕಾಡಿದೆ, ಸಿಗಲಿಲ್ಲ. ಕಾವಲುಗಾರ ಎದುರಾದ. ಹೆಬ್ಬೆರಳು ಒಂದು ಏಟು ಹೊಡೆದು, ಪಟ್ಟಿ ತುಂಬುವವರೆಗೆ ಸುಮ್ನೆ ಕಾಯಿತು.